ತೂಕಕ್ಕೆ ಕೊಡುವುದಿಲ್ಲ

ಗಂಗಾವತಿಯ ಬೈಪಾಸಿಗೆ ಹತ್ತಿದ ನಮ್ಮ ಭಟ್ಟಿಯಲ್ಲಿ
ನಸುಕಿನ ನಾಲ್ಕಕ್ಕೆ ನೆಲ್ಲಿನ ಹೊಟ್ಟು ಉರಿಯುತ್ತದೆ.
ಅವ್ವ ಮರಳು ಕಾಯಿಸುತ್ತಾಳೆ.
ಮೂಲೆಯ ಚೀಲಗಳಿಗೆ ಒರಗಿ ನಾನು
ಲ್ಯಾಪ್‌ಟಾಪಿನಲ್ಲಿ ಒಂದು ನಕ್ಷತ್ರದ ಬೆಳಕು ಎಣಿಸುತ್ತೇನೆ.
ಹೆಸರಿಲ್ಲದ್ದು, ಬರೀ ನಂಬರಿನದು.
ಇರುವೆ ಹೊರಟಂತೆ ಪರದೆಯ ತುಂಬ ಚುಕ್ಕಿಸಾಲು.
ನಾಲ್ಕು ದಿನಕ್ಕೊಮ್ಮೆ ಸಾಲು ತಗ್ಗುತ್ತದೆ,
ನೂರರಲ್ಲಿ ಒಂದೂಕಾಲು ಪಾಲು, ಮೂರು ತಾಸು,
ಮತ್ತೆ ಮೇಲಕ್ಕೆ.

ಮೊದಲ ಸಲ ಕಂಡಾಗ ನಂಬಲಿಲ್ಲ.
ಜೋಡಿ ನಕ್ಷತ್ರವಿರಬೇಕು,
ಪಕ್ಕದ ಚುಕ್ಕಿಯ ಬೆಳಕು ಸೋರಿರಬೇಕು.
ಎಂಟು ತಿಂಗಳು ಬರೀ ‘ಅಲ್ಲ’ಗಳನ್ನು ಆರಿಸಿದೆ,
ಅವ್ವ ಮೊರದಿಂದ ಕಲ್ಲು ತೆಗೆದಂತೆ.
ಉಳಿದದ್ದು ಒಂದು ಗ್ರಹ.
ಗುರುವಿಗಿಂತ ಒಂದೂವರೆ ಪಟ್ಟು ಅಗಲ.

“ಎಷ್ಟು ಭಾರ ಐತಿ?” ಅವ್ವ ಕೇಳಿದ್ದು ಇದೊಂದೇ.
ಅದು ಬೆಳಕಿಗೆ ಗೊತ್ತಿರುವುದಿಲ್ಲ.
ಅಡ್ಡ ಬಂದದ್ದು ಎಷ್ಟು ದೊಡ್ಡದೆಂದಷ್ಟೇ ನೆರಳು ಹೇಳುತ್ತದೆ.
ಭಾರ ತಿಳಿಯಲು ಹೊತ್ತವಳ ನಡ ನೋಡಬೇಕು:
ಕಲ್ಲಿನ ಬುಟ್ಟಿಯಾದರೆ ಸೊಂಟ ಆಚೆ ವಾಲುತ್ತದೆ,
ಮಂಡಾಳಿನ ಬುಟ್ಟಿಯಾದರೆ ಇಲ್ಲ.
ಚಿಲಿ ದೇಶದ ಬೆಟ್ಟದ ಮೇಲೆ ಗೆಳತಿಯೊಬ್ಬಳು
ಹದಿನಾರು ರಾತ್ರಿ ಆ ನಕ್ಷತ್ರದ ನಡ ನೋಡಿ ಬರೆದಳು:
ವಾಲಿದ್ದು ಇಷ್ಟೇ ಇಷ್ಟು,
ಒಂದು ಟಿವಿಎಸ್ ಗಾಡಿ ಓಡುವ ವೇಗ.

ಗುಣಿಸಿದೆ, ಭಾಗಿಸಿದೆ, ತಪ್ಪಿರಬೇಕೆಂದು ಮತ್ತೆ ಭಾಗಿಸಿದೆ.
ಬೆಂಡಿಗಿಂತ ಹಗುರ.
ಮಂಡಾಳಿಗಿಂತಲೂ.

ಅವ್ವ ನಕ್ಕಳು. “ಅಷ್ಟು ದೂರ ಹೋಗಿ ಇದನ್ನ ಹುಡುಕಿದೇನ?”
ಅಜ್ಜ ಹತ್ತಿ ಹಿಂಜುತ್ತಿದ್ದ, ಬಿಲ್ಲಿನ ದನಿ ಓಣಿ ತುಂಬ.
ಅವ್ವ ಅಕ್ಕಿ ಅರಳಿಸುತ್ತಾಳೆ.
ಹಿಡಿಯಷ್ಟನ್ನು ಮನೆಯಷ್ಟು ಮಾಡುವುದು
ನಾವು ನದಾಫರಿಗೆ ಹೊಸದೇನಲ್ಲ.

ಆದರೆ ಉಬ್ಬಿದ್ದು ಯಾಕೆ?
ನಕ್ಷತ್ರದ ಮಗ್ಗುಲಲ್ಲೇ ಇದೆ, ಕಾವು ಇದೆ, ನಿಜ,
ಲೆಕ್ಕ ಹಾಕಿದರೆ ಆ ಕಾವು ಸಾಲುವುದಿಲ್ಲ.
ಯಾರಿಗೋ ಎಂಬಂತೆ ಇದನ್ನೇ ಗೊಣಗುತ್ತಿದ್ದೆ.
ಜರಡಿ ಆಡಿಸುತ್ತಲೇ ಅವ್ವ ಅಂದಳು:
“ಬರೇ ಉರಿಗೆ ಅಕ್ಕಿ ಅರಳತೈತೇನ? ಕರಕಾಗತೈತಿ.
ಹಿಂದಿನ ರಾತ್ರಿ ಉಪ್ಪುನೀರು ಕುಡಿಸಿರಬೇಕು.
ಒಳಗ ಏನು ಕುಡದೈತಿ, ಅದನ್ನ ಕೇಳು.”

ಬರೆದುಕೊಂಡೆ.
ಯಾವ ಸಮೀಕರಣದಲ್ಲಿ ಇಡಬೇಕೋ ತಿಳಿಯದೆ
ಹಾಳೆಯ ಅಂಚಿನಲ್ಲಿ.

ಐದೂವರೆಗೆ ಲಾಡಸಾಬ ಬಂದು
ಗಾಡಿಗೆ ಹನ್ನೊಂದು ಚೀಲ ಬಿಗಿದ.
ಅವ್ವ ಸೇರಿನಲ್ಲಿ ಅಳೆದೇ ತುಂಬಿಸಿದ್ದು.
ತೂಕಕ್ಕೆ ಕೊಡಲು ಹೊರಟರೆ ಭಟ್ಟಿ ಮಾರಬೇಕಾದೀತು
ಎನ್ನುವುದು ಅವಳ ಹಳೆಯ ಮಾತು.
ಕಾಲುವೆ ಏರಿಯ ಮೇಲೆ ಇನ್ನೂ ಆರದ ಬೀದಿದೀಪ.
ಅವನು ಅದಕ್ಕೆ ಅಡ್ಡ ಹಾದ.
ಅಂಗಳ ಮಸುಕಾಯಿತು.
ಎಣಿಸತೊಡಗಿದೆ, ಒಂದು, ಎರಡು,
ಗಾಡಿ ಗಾಳಿಗೆ ಒಂಚೂರು ವಾಲಿ ಮುಂದೆ ಹೋಯಿತು.

“ಕರೆಂಟ್ ಹೋತೇನ?” ಒಳಗಿನಿಂದ ಅವ್ವ.

“ಇಲ್ಲವ್ವ. ಲಾಡಸಾಬ ಹೋದ.”