ಪಿ.ಪಿ. ನಂಬರು

ಮೋಡ ಅಂದ್ರೆ ಎಲ್ಲಮ್ಮಾ, ಎಂದರು ನೇಮಿರಾಜಯ್ಯ,
ಆಲೂಗಡ್ಡೆ ಮೂಟೆಗಳ ಲೆಕ್ಕ ಬರೆದ ಪೆನ್ನನ್ನು
ಕಿವಿಯ ಮೇಲೆ ಸಿಕ್ಕಿಸಿಕೊಂಡು.
ಮುಂಬೈಯಲ್ಲಿ ಸಾರ್, ಎಂದೆ.
ಯಾವ ಬೀದಿ?
ಅದು ನನಗೂ ಗೊತ್ತಿರಲಿಲ್ಲ.

ಹಾಗಾಗಿ ಸರ್ವರು ಇಲ್ಲೇ ಉಳಿಯಿತು,
ಹಾಸನದ ಕೈಗಾರಿಕಾ ಪ್ರದೇಶದಲ್ಲಿ, ತೂಕದ ಕೋಣೆಯ ಹಿಂದೆ,
ಗೋಣಿಯ ಧೂಳಿಗೆ ಹೆದರಿ ಗಾಜಿನ ಬೀರು ಸೇರಿ.
ಮುಟ್ಟಿದರೆ ಬೆಚ್ಚಗೆ,
ಮಲಗಿದ ಕರುವಿನ ಹೊಟ್ಟೆಯ ಹಾಗೆ.

ಆಲೂರು, ಅರಕಲಗೂಡು, ಗಂಡಸಿ, ಜಾವಗಲ್:
ಒಂದೊಂದು ಕೋಲ್ಡ್ ಸ್ಟೋರೇಜಿಗೂ ಒಂದು ಸಿಮ್ಮು, ಒಂದು ರೂಟರು,
ಕತ್ತಲಲ್ಲಿ ಮೂರು, ಮೂರೂವರೆ, ಮೂರು ಎಂದು
ಗೊಣಗುತ್ತಲೇ ಇರುವ ಸೆನ್ಸರು.
ಅವಕ್ಕೆ ನೆಲೆಯಾದ ವಿಳಾಸವಿಲ್ಲ. ನಮಗೂ ಇಲ್ಲ.
ಎರಡೂ ಕಡೆಯವರು ಕರೆಯಬಲ್ಲೆವು;
ಕರೆದರೆ ಓಗೊಡಲಾರೆವು.

ನಡುವೆ ಒಬ್ಬರು ಬೇಕು ಸಾರ್,
ಅವರು ಹೇಳಿದ್ದನ್ನು ಕೇಳಿಟ್ಟುಕೊಂಡು
ನಾವು ಹೋಗಿ ವಿಚಾರಿಸುವ ತನಕ ಮರೆಯದವರು. ಪ್ರಾಕ್ಸಿ.
ಅವರ ಹುಬ್ಬು ಇಳಿಯಲಿಲ್ಲ.
ಪಿ.ಪಿ. ನಂಬರು ಸಾರ್, ಎಂದೆ.
ನಕ್ಕರು. ಕಿವಿಯ ಪೆನ್ನು ತೆಗೆದು ಸಹಿ ಹಾಕಿದರು.

ಪೆನ್ಷನ್ ಮೊಹಲ್ಲಾದ ನಮ್ಮ ಓಣಿಗೆಲ್ಲ ಒಂದೇ ಫೋನು.
ಅಕ್ಕನ ಲಗ್ನಪತ್ರಿಕೆಯಲ್ಲೂ ಅದೇ ನಂಬರು, ಪಕ್ಕದಲ್ಲಿ ಪಿ.ಪಿ.
ಹಾಗೆಂದರೇನೆಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ,
ಮೆಹರುನ್ನೀಸಮ್ಮ ಎಂದರೆ ಎಲ್ಲರಿಗೂ ಗೊತ್ತಿತ್ತು.
ಕಳೆದ ತಿಂಗಳ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುತ್ತಿದ್ದರು
ಯಾರು, ಯಾರಿಗೆ, ಎಷ್ಟು ಹೊತ್ತಿಗೆ.
ಸಂಜೆ ಹೋಗಿ ನಾನು ಕೇಳುತ್ತಿದ್ದೆ, ನಮ್ಮನೆಗೇನಾದ್ರೂ?
ಅವರಾಗಿ ನಮ್ಮ ಬಾಗಿಲು ತಟ್ಟಿದ್ದಿಲ್ಲ.

ಈಗಲೂ ಹಾಗೇ. ನಮ್ಮ ಗೋಡೆಗೆ ಒಂದು ಕಂಡಿಯನ್ನೂ ಕೊರೆದಿಲ್ಲ.
ನಿಮಿಷಕ್ಕೊಮ್ಮೆ ನಾವೇ ಹೊರಟು,
ಮೊದಲೇ ಆಡಿಕೊಂಡ ಗುಟ್ಟಿನ ಮಾತು ಹೇಳಿ
ಚೀಟಿ ಇಸಕೊಂಡು ಬರುತ್ತೇವೆ.

ಮೊನ್ನೆ ರಾತ್ರಿ ಒಂದೂ ಹತ್ತಕ್ಕೆ
ಬಿ.ಎಂ. ರಸ್ತೆಯಲ್ಲಿ ಜೆಸಿಬಿಯ ಹಲ್ಲಿಗೆ ನಮ್ಮ ಫೈಬರು ಸಿಕ್ಕಿತು.
ಪರದೆ ತುಂಬ ಕೆಂಪು.
ಆಲೂರು ಸತ್ತಿತು, ಗಂಡಸಿ ಸತ್ತಿತು,
ಹೊನ್ನೇಶ ಬೈಕಿನ ಕೀಲಿ ಹಿಡಿದು ನಿಂತ,
ಮೊದಲು ಯಾವ ಕಡೆ ಅಕ್ಕಾ?
ಕೂತ್ಕೋ, ಎಂದೆ. ನಾಲ್ಕು ಊರು ಒಟ್ಟಿಗೆ ಸಾಯುವುದಿಲ್ಲ.
ಕಣ್ಣು ಹೋದದ್ದು ನಮ್ಮದು.

ಹಾಗೆಂದೆ. ಆದರೂ ಫ್ಲಾಸ್ಕಿನ ಟೀ ಮುಟ್ಟಲಿಲ್ಲ.

ಮೂರು ಐವತ್ತಕ್ಕೆ ತಂತು ಕೂಡಿತು.
ಬಂದವು ಚೀಟಿಗಳು, ಒಂದರ ಬೆನ್ನಿಗೊಂದು,
ಒಂದೂ ಹನ್ನೊಂದರ ಮೂರು ಡಿಗ್ರಿ, ಎರಡು ಗಂಟೆಯ ಮೂರೂಕಾಲು,
ಪ್ರತಿಯೊಂದರ ಮೇಲೂ ಅದರದೇ ಹೊತ್ತಿನ ಮುದ್ರೆ.
ಹರಿದಿದ್ದ ಗೆರೆಗೆ ಎಡದಿಂದ ಬಲಕ್ಕೆ ಹೊಲಿಗೆ ಬಿತ್ತು.
ಎರಡೂ ನಲವತ್ತಕ್ಕೆ ಜಾವಗಲ್ಲಿನ ಕಂಪ್ರೆಸರು ನಿಂತಿತ್ತಂತೆ,
ನಾಲ್ಕೂವರೆಗೆ ಏರಿ, ತಾನೇ ಚೇತರಿಸಿಕೊಂಡು, ಇಳಿದೂ ಆಗಿತ್ತು.
ಎಚ್ಚರಿಕೆಯ ಗಂಟೆ ಈಗ ಹೊಡೆದುಕೊಂಡಿತು,
ಮುಗಿದುಹೋದ ಭಯಕ್ಕೆ.

ಮೆಹರುನ್ನೀಸಮ್ಮ ಒಮ್ಮೆ ಅರಸೀಕೆರೆಗೆ ಹೋಗಿದ್ದರು,
ತಂಗಿಯ ಬಾಣಂತನಕ್ಕೆ, ಎರಡು ದಿನ.
ಬೀಗ ಹಾಕಿದ ಮನೆಯೊಳಗೆ ಫೋನು ಒದರಿದ್ದು
ಓಣಿಗೆಲ್ಲ ಕೇಳಿತು. ಸೊಪ್ಪು ಬಿಡಿಸುತ್ತ ಅಮ್ಮ ಎಣಿಸಿದಳು:
ಹನ್ನೊಂದು ಸಲ.
ಯಾರಿಗೆ ಬಂದದ್ದೋ, ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಪರದೆಯ ಮೂಲೆಯಲ್ಲಿ ಒಂದು ಸಾಲು ಬೇರೆ ಇಟ್ಟಿದ್ದೇನೆ,
ಊರುಗಳದ್ದಲ್ಲ, ನಡುವಿನವರದ್ದು:
ಕೊನೆಯ ಸಲ ಕಂಡದ್ದು, ಏಳು ಸೆಕೆಂಡು ಹಿಂದೆ.
ನೇಮಿರಾಜಯ್ಯ ಮನೆಗೆ ಹೊರಟವರು ಬಗ್ಗಿ ಓದಿ
ಹುಷಾರಾಗವ್ರೇನಮ್ಮಾ ಮುಂಬೈನೋರು, ಅಂತಾರೆ.
ಹೂಂ ಸಾರ್, ಅನ್ನುವಷ್ಟರಲ್ಲಿ
ಏಳು ಹನ್ನೆರಡಾಗಿರುತ್ತದೆ.