ಷರಾ

ಎಳ್ಳಮಾಸಿ ಕಳೆದು ಐದನೆಯ ದಿನ.
ಔರಾದಿನ ಆಚೆ, ಕಣ್ಣಿಗೆ ತಡೆಯೇ ಇಲ್ಲದ ಬಯಲಲ್ಲಿ
ತಂತಿಬೇಲಿಯೊಳಗೆ ನಾಲ್ಕು ಕಾಲ ಮೇಲೆ ನಿಂತ ಬಿಳಿ ಪೆಟ್ಟಿಗೆ.
ಅದರ ಕದ ತೆಗೆದು, ರಾತ್ರಿ ಎಲ್ಲಿಯವರೆಗೆ ಇಳಿದಿತ್ತೆಂದು
ಓದಿ ಬರೆಯುವುದು ನನ್ನ ನೌಕರಿ.

ಉಸಿರು ಬಿಗಿಹಿಡಿದು ಓದಬೇಕು.
ಬಾಯ ಹಬೆ ತಾಗಿದರೂ ಗಾಜು ಸುಳ್ಳು ಹೇಳುತ್ತದೆ.
ಕೊಳವೆಯೊಳಗಿನ ಕಪ್ಪು ಕಡ್ಡಿ
ಐದು ಪಾಯಿಂಟ್ ನಾಲ್ಕರಲ್ಲಿ ನಿಂತಿದೆ,
ನಸುಕಿನ ಯಾವುದೋ ಹೊತ್ತಿನಲ್ಲಿ
ಥಂಡಿ ಅದನ್ನು ಬಿಟ್ಟುಹೋದ ಜಾಗದಲ್ಲೇ.

ಅದರ ಹಿಂದೆ, ಹಲಗೆಯ ಸಂದಿಗೆ ಅಂಟಿ, ಒಂದು ಹಲ್ಲಿ.
ಬೆರಳಿಂದ ಮುಟ್ಟಿದೆ. ಓಡಲಿಲ್ಲ.
ಪಕ್ಕೆ ಏಳುತ್ತದೆ,
ಇನ್ನಿಲ್ಲ ಅನ್ನಿಸುವಷ್ಟು ಹೊತ್ತು ಸುಮ್ಮನಿದ್ದು
ಮತ್ತೆ ಏಳುತ್ತದೆ.
‘ತೆಗದ್ ಒಗೀರಿ, ಲೆಕ್ಕ ಕೆಡ್ತದ’ ಅಂದ ಘಾಳೆಪ್ಪ,
ಕಿವಿಗೆ ಸುತ್ತಿದ ಟಾವೆಲ್ಲಿನ ಒಳಗಿಂದ.
ಹೇಗೆ ಕೆಡುತ್ತದೆ? ಅದಕ್ಕೆ ತನ್ನದೆಂಬ ಬಿಸಿಯೇ ಇಲ್ಲ.
ಅದರ ನೆತ್ತರೂ ಈಗ ಐದು ಪಾಯಿಂಟ್ ನಾಲ್ಕು.
ಪೆಟ್ಟಿಗೆಯೊಳಗೆ ಇರುವುದು ಎರಡು ಮಾಪಕ;
ಒಂದರ ಮೈಮೇಲೆ ಗೆರೆ ಕೊರೆದಿಲ್ಲ, ಅಷ್ಟೆ.

ಬೇಲಿ ದಾಟಿದರೆ ಕಡ್ಲಿ ಹೊಲ. ಎಲೆ ಎಲೆಗೆ ಹುಳಿ ಇಬ್ಬನಿ.
ರಾತ್ರಿ ಗಿಡದ ಮೇಲೆ ಹಾಸಿಟ್ಟ ಹಳೇ ಧೋತರವನ್ನು
ಶೀಸೆಗೆ ಹಿಂಡುತ್ತಿದ್ದಾಳೆ ಸೋನಾಬಾಯಿ.
ಬೆರಳು ಗಜ್ಜರಿಯ ಕೆಂಪು.
‘ಹೊಟ್ಟಿ ನೋವಿಗಿ ಇದರಂಥಾದ್ದಿಲ್ಲ ಬಿಡ್ರಿ’
ಎನ್ನುವ ಮಾತಿನ ಜೊತೆ ಹಲ್ಲು ಕಟಕಟ.
ತಂತಿಯ ಮೇಲೆ ಬೆಳವಗಳು ಗರಿಯುಬ್ಬಿಸಿ ಕೂತಿವೆ,
ಕುತ್ತಿಗೆಯನ್ನು ಯಾರೋ ಸಾಲ ಒಯ್ದಂತೆ.
ಕುಸುಬಿಯ ಮುಳ್ಳುಗಳ ನಡುವೆ ಒಂದು ಹಳದಿ ಚಿಟ್ಟೆ,
ರೆಕ್ಕೆ ಮಡಚಿ, ಒದ್ದೆ,
ಬಿಸಿಲು ತನ್ನ ಗಿಡದವರೆಗೆ ಬರಲೆಂದು.

ಆಮೇಲೆ ಬೀಳು.
ಹುಲ್ಲೆಲ್ಲ ಬೆಳ್ಳಗೆ ನೆನೆದಿದೆ, ಹತ್ತು ಕಡೆ ಬಿಟ್ಟು.
ಹತ್ತು ಒಣ ಗುಂಡಿ, ಮೊರದಗಲ,
ಒಂದೇ ದಿಕ್ಕಿಗೆ ಒರಗಿದ ಹುಲ್ಲು:
ಚಿಗರಿ ಮಲಗೆದ್ದ ಜಾಗ.
ಒಂಬತ್ತು ದೊಡ್ಡವು. ಒಂದಕ್ಕೆ ಆತುಕೊಂಡು
ಹತ್ತನೆಯದು, ಎರಡು ಅಂಗೈಯಷ್ಟು.
ಒಂದನ್ನೂ ನಾನು ಕಾಣಲಿಲ್ಲ.
ಎಣಿಸಿದ್ದು ಬೀಳದ ಇಬ್ಬನಿಯನ್ನು.

ಕೈಗವಸು ಕಳಚಿ ಚಿಕ್ಕದರಲ್ಲಿ ಅಂಗೈ ಊರಿದೆ.
ಬೆಚ್ಚಗಿದ್ದದ್ದು ನೆಲವೋ ನನ್ನ ಕೈಯೋ, ಹೇಳಲಾರೆ.
ಮಾಪಕ ತರಲು ಓಡಲಿಲ್ಲ.

ಆಫೀಸಿನಲ್ಲಿ ಪುಸ್ತಕ ತೆರೆದೆ.
ಕನಿಷ್ಠ: 5.4. ಗಾಳಿ: ಇಲ್ಲ. ಇಬ್ಬನಿ: ದಟ್ಟ.
‘ಷರಾ’ ಎಂಬ ಕಡೆಯ ಮನೆ ಬೆರಳಗಲ.
ಅದರಲ್ಲಿ ಬರೆದೆ: ಹತ್ತು ಕಡೆ ಬಿಟ್ಟು.
ಬೀದರಿನಿಂದ ಫೋನು ಬಂದರೆ ಏನು ಹೇಳುವುದೋ.

ಕಡ್ಡಿಯನ್ನು ಸರಿಸುವುದೇ ಮರೆತಿತ್ತು. ಮತ್ತೆ ಹೋದೆ.
ಕೊಳವೆ ಓರೆ ಮಾಡಿದೊಡನೆ
ರಾತ್ರಿಯ ಗುರುತು ಜಾರಿ ಈಗಿನ ಹೊತ್ತಿಗೆ ಬಂತು.
ಹಲ್ಲಿ ಒಂದು ಬೆರಳಷ್ಟು ಸರಿದಿತ್ತು,
ಮೂಡಣದ ಸಂದಿಯ ಕಡೆ.