ಮೂರು ಮಂದಿಗೆ ಉಪ್ಪು

ಕುಂತ ಮ್ಯಾಲ ಗೊತ್ತಾತು,
ಮೇಜಿನ ನಡುವ ತೂತು, ತೂತಿನಾಗ ಕೆಂಡ.
ಹಸೀ ಕೋಳಿ, ಹಸೀ ಸಿಗಡಿ, ಕೊಯ್ದ ಅಣಬಿ, ಬೆಂಡಿಕಾಯಿ
ಎಲ್ಲಾ ತಂದಿಟ್ಟು ಹುಡುಗ ಕೈ ಒರಸಿಕೊಂಡ:
"ವಿಯೆಟ್ನಾಂ ಸ್ಟೈಲು ಅಕ್ಕಾ. ನೀವೇ ಬೇಯಿಸ್ಕೋಬೇಕು."

ಫಕ್ಕೀರವ್ವ ನನ್ನ ಮಾರಿ ನೋಡಿದ್ಲು.
ಮಾಬುಬಿ ಸೆರಗು ಬಾಯಿಗೆ ಒತ್ತಿ ನಕ್ಕರೂ
ಬಾಜೂ ಮೇಜಿನವರು ತಿರುಗಿದ್ರು.
ಹನ್ನೊಂದು ವರ್ಷ ಸಾಲಿಯೊಳಗ ಬಿಸಿಯೂಟ ಬೇಯಿಸಿ
ಒಂದು ದಿನ, ಒಂದೇ ದಿನ,
ಸೌಟು ಹಿಡಿಯೂದು ಬ್ಯಾಡ ಅಂತ
ರಟ್ಟೀಹಳ್ಳಿಯಿಂದ ಬಸ್ಸು ಹತ್ತಿ ಬಂದ್ರ,
ಶಿವಮೊಗ್ಗದ ಸವಳಂಗ ರಸ್ತೇದಾಗ
ರೊಕ್ಕಾ ಕೊಟ್ಟು ಮತ್ತ ಒಲಿ ಮುಂದ.

"ಹಂಗಾರ ಪಗಾರ ನಮಗ ಕೊಡ್ತೀಯೇನಪಾ?"
ಕೇಳೇಬಿಟ್ಲು ಫಕ್ಕೀರವ್ವ.
ಹುಡುಗ ಸೆಲ್ವಂ, ಭದ್ರಾವತಿಯವ,
ಅವರಜ್ಜ ಕಬ್ಬಿಣದ ಕಾರ್ಖಾನಿಗೆ ಅಂತ
ಸೇಲಂ ಬಿಟ್ಟು ಬಂದಾಂವಂತ.
"ಬೆಂಕಿ ಮುಂದೆ ನಿಲ್ಲೋದು ನಮ್ಮನೆ ಕಸುಬು ಅಕ್ಕಾ,"
ಬಗ್ಗಿ ಕೆಂಡ ಕೆದಕಿದ.
"ನಮ್ದೂ ಅದನ," ಅಂದ್ಲು ಈಕಿ.

"ಸಾವಂತ್ರಕ್ಕ ಮಾಂಸ ತಿನ್ನಾಂಗಿಲ್ಲ, ಜಾಳಿಗಿ ಬ್ಯಾರೆ ಕೊಡು"
ನಾನು ಬಾಯಿ ತೆರಿಯೂದ್ರಾಗ ಮಾಬುಬಿ ಕೇಳಿದ್ದಳು.
ನನ್ನ ಅಣಬಿ ಒಂದು ಕಡೆ, ಆಕಿ ಸಿಗಡಿ ಒಂದು ಕಡೆ.
ಉಪ್ಪಿನ ಬಟ್ಟಲು ನನ್ನ ಕಡೆ ಬಂತು.

ಇನ್ನೂರ ಹನ್ನೆರಡು ಮಕ್ಕಳ ಸಾರಿಗೆ ಉಪ್ಪೆಷ್ಟು
ನಿದ್ದಿಗಣ್ಣಾಗ ಹೇಳ್ತೀನಿ.
ಮೂರು ಮಂದಿಗೆ?
ಮನ್ಯಾಗಿನ ಅಡಗಿ ಇನ್ನೂ ಅತ್ತಿ ಕೈಯಾಗ ಐತಿ.
ಚಿಟಿಕಿ ಹಿಡಿದ ಬಟ್ಟು
ಕೆಂಡದ ಮ್ಯಾಲ ಹಂಗ ನಿಂತವು,
ಬಿಸಿ ತಾಗೂ ತನಕ.

ಆಮ್ಯಾಲ ಬಂತು ಕನ್ನಡಿಯಂಥಾ ಅಕ್ಕಿ ಹಪ್ಪಳ.
ಕರಿಯೂದಲ್ಲಂತ. ನೀರಾಗ ಅದ್ದಿ, ಮೆತ್ತಗ ಮಾಡಿ,
ಸೊಪ್ಪು ಇಟ್ಟು ಸುತ್ತೂದಂತ.
ಅಯ್ಯ, ಮಾಳಿಗಿ ಮ್ಯಾಲ ಕಾಗಿ ಕಾದು ಒಣಗಿಸಿದ್ದನ್ನ
ಮತ್ತ ಹಸಿ ಮಾಡೂದಾ!
ಸುತ್ತೂ ಹೊತ್ತಿಗೆ ನೆನಪಾತು,
ಮುಂಜಾನಿ ಸಕ್ರೆಬೈಲಿನಾಗ ಮಾವುತ
ಹುಲ್ಲಿನ್ಯಾಗ ನೆಲ್ಲು, ಬೆಲ್ಲ ಇಟ್ಟು ಹಿಂಗ ಸುತ್ತಿ
ಆನಿ ಬಾಯಿಗೆ ಕೊಡತಿದ್ದ.
ಎಷ್ಟು ದೊಡ್ಡ ಪ್ರಾಣಿ,
ಸುಮ್ಮನ ಬಾಯಿ ತೆರದು ನಿಂತಿತ್ತು.

ಬೆಂದದ್ದೆಲ್ಲಾ ಒಬ್ರು ಇನ್ನೊಬ್ರ ತಾಟಿಗೆ.
ಮೂರೂ ತಾಟು ತುಂಬಿದವು, ಯಾರ ಬಾಯೂ ಅಲ್ಲಾಡಲಿಲ್ಲ.
"ತಿನ್ರಿ ಅಕ್ಕಾ, ಆರಿಹೋಗುತ್ತೆ," ಅಂದ ಸೆಲ್ವಂ
ನಾವು ಹುಡುಗೂರಿಗೆ ಗದರಿಸಿದ ಹಂಗ.

ಎಲ್ಲಾರೂ ಉಂಡು, ಹಂಡೆ ತೊಳೆದು,
ತಳದಾಗಿನ ತಣ್ಣಂದು ಉಣ್ಣೂ ನಾಲಿಗಿ
ಚುರ್ರ್ ಅಂತು.
ಬಿಸಿಯೂಟ.
ಈ ಮಾತು ದಿನಾ ರಿಜಿಸ್ಟರಿನ್ಯಾಗ ಬರೀತೀನಿ.

ಊಟ ಆತು ಅಂದಕೂಡ್ಲೆ ಫಕ್ಕೀರವ್ವ
ತಾಟು ಪೇರಿಸಿ ನೀರಿನ ಕಡೆ ನಡದಿದ್ಲು.
ಸೆಲ್ವಂ ಓಡಿ ಬಂದು ಕಸಗೊಂಡ.
ಖಾಲಿ ಕೈ ಎಲ್ಲಿ ಇಡಬೇಕು ತಿಳೀದ
ಸೊಂಟಕ್ಕ ಇಟ್ಟು ನಿಂತ್ಲು.
ಬಿಲ್ಲು ನೋಡಿ ಮಾಬುಬಿ, ಇದು ನಮ್ಮ ಎಷ್ಟು ದಿನದ ದುಡಿಮಿ ಅಂತ
ಬಟ್ಟಿನಾಗ ಎಣಿಸಿದ್ಲು.
ಮೂರನೇ ಬಟ್ಟಿಗೆ ಬಿಟ್ಲು.

ಕಡೇ ಬಸ್ಸಿನ್ಯಾಗ, ಶಿಕಾರಿಪುರ ದಾಟಿದ ಮ್ಯಾಲ,
"ಅಣಬಿಗೆ ಉಪ್ಪು ಕಮ್ಮಿ ಆತು," ಅಂದೆ.
ಯಾರೂ ಹೂಂ ಅನ್ನಲಿಲ್ಲ.
ನನ್ನ ಎರಡೂ ಹೆಗಲ ಮ್ಯಾಲ ಒಂದೊಂದು ತಲಿ,
ಮೂವರ ಸೆರಗಿನ್ಯಾಗೂ ಹೊಗಿ,
ಸಾಲೀದೋ ಇವತ್ತಿಂದೋ.